ಮುದ್ರೆಯ ಬೇಳೆಗೆ ಯಾರು ಎಷ್ಟು ಕೊಡಬೇಕು?

ರಾಜಾಜಿನಗರದ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರು ಸಾವಯವ ಪ್ರಮಾಣಪತ್ರವಿರುವ ಅಕ್ಕಿ, ಬೇಳೆಯನ್ನೇ ಕೊಳ್ಳುತ್ತಾರೆ. ಮಾಮೂಲಿ ದರಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚಿಗೆ ತೆರುತ್ತಾರೆ. ಮಾಲ್‌ನಲ್ಲಿ ಸಿನಿಮಾ ನೋಡಲು ನೂರಾರು ರೂಪಾಯಿ ಎಣಿಸುವ ಬೆಂಗಳೂರಿನವರು ಒಂದು ಕಟ್ಟು ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತಾರೆ, ಇಂಥವರಿಗೆ ಒಳ್ಳೆಯ ಆಹಾರ ಎಲ್ಲಿಂದ ಸಿಗಬೇಕು ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮ್ಮ ಮನೆಯ ದಿನಸಿ ಲೆಕ್ಕದ ಅಚ್ಚುಕಟ್ಟುತನ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿತು. ಸಾವಯವಕ್ಕೆ ತಿರುಗುವ ರೈತ ವಾರ್ಷಿಕ ಬೆಳೆಗೆ 2 ವರ್ಷ, ತೆಂಗು ಮಾವಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿಯನ್ನು ದಾಟಬೇಕು. ಇಳುವರಿ ಕುಸಿಯಬಹುದಾದ ಆ ದಿನಗಳಲ್ಲಿ ಪೂರ್ಣ ಸಾವಯವದ ಮುದ್ರೆಯೂ ಸಿಗುವುದಿಲ್ಲ. ಆ ನಷ್ಟದ ಒಂದು ಪಾಲನ್ನು ನಿಮ್ಮಂಥವರು ಹೊರುವುದು ನ್ಯಾಯವೇ. ಅಷ್ಟನ್ನು ಒಪ್ಪಿಕೊಂಡು, ಉಳಿದುದರ ಬಗ್ಗೆ ನಿಮ್ಮೊಡನೆ ಸ್ವಲ್ಪ ಜಗಳವಾಡಲು ಅಪ್ಪಣೆ ಕೊಡಿ.

ನಿಮ್ಮ ಕಣ್ಣಿಗೆ ಜಿಪುಣತನವಾಗಿ ಕಂಡದ್ದು ನನಗೆ ಬುದ್ಧಿವಂತಿಕೆಯಾಗಿಯೇ ಕಾಣುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಇದರ ಗುಟ್ಟಿದೆ: ಸರಕಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ, ಕೊಳ್ಳುವವನು ಒಳ್ಳೆಯದಕ್ಕೂ ಸರಾಸರಿ ಬೆಲೆಯನ್ನೇ ಕೊಡುತ್ತಾನೆ, ಒಳ್ಳೆಯದನ್ನು ತಂದವನು ಪೇಟೆ ಬಿಟ್ಟು ಹೋಗುತ್ತಾನೆ. ಹಳೆಯ ಕಾರನ್ನಾದರೂ ಆರು ತಿಂಗಳು ಓಡಿಸಿ ಬೈಯಬಹುದು. ಬೇಳೆಯಲ್ಲಿದ್ದ ಕೀಟನಾಶಕವನ್ನು ಉಂಡ ಮೇಲೂ ನೀವು ಗುರುತಿಸಲಾರಿರಿ.

ಮುದ್ರೆ ಇದೆಯಲ್ಲ ಎನ್ನುತ್ತೀರಿ. ನಿಮ್ಮ ಬೇಳೆಯ ಪೊಟ್ಟಣವನ್ನೇ ತಿರುಗಿಸಿ ನೋಡಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಎಂಬ ಅಕ್ಷರಗಳ ಕೆಳಗೆ 14 ಅಂಕಿಗಳಿರುತ್ತವೆ. ಅದು ವ್ಯಾಪಾರಿಯ ಪರವಾನಗಿಯ ಸಂಖ್ಯೆ. ಆ ಪೊಟ್ಟಣವನ್ನು ಯಾರಾದರೂ ಪರೀಕ್ಷಿಸಿದರೆಂದು ಅದು ಹೇಳುವುದಿಲ್ಲ. ಸಾವಯವ ಆಹಾರದ ಹಸಿರು ‘ಜೈವಿಕ್ ಭಾರತ್’ ಗುರುತು ಬೆಳೆದ ಮತ್ತು ಸಂಸ್ಕರಿಸಿದ ಕ್ರಮಕ್ಕೆ ಸಾಕ್ಷಿ. ಗೋದಾಮಿನಲ್ಲಿ ಹೊಕ್ಕ ಇಲಿಗೆ ಅದು ಹೊಣೆಯಲ್ಲ. 1937ರ ಕಾಯ್ದೆಯಿಂದ ಬಂದ ಅಗ್‌ಮಾರ್ಕ್ ಕೃಷಿ ಸರಕಿನ ದರ್ಜೆಯ ಮಾತನ್ನಾಡುತ್ತದೆ. ಮೂರೂ ಉಪಯುಕ್ತವೇ. ಆದರೆ ಗಾಂಧಿ ಬಜಾರಿನಲ್ಲಿ ಕೈಚೀಲ ಹಿಡಿದು ನಿಂತ ಗೃಹಿಣಿ ಯಾವುದಕ್ಕೆ ಎಷ್ಟು ಬೆಲೆ ಕಟ್ಟಬೇಕೆಂದು ಅವರಿಗೆ ಹೇಳಿಕೊಟ್ಟವರು ಯಾರು?

ನಂಬಿಕೆ ಇದ್ದಲ್ಲಿ ಇದೇ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಲಾಲ್‌ಬಾಗಿನ ಮಾವು ಮೇಳದಲ್ಲಿ ನೋಡಬೇಕು. ಬೆಳೆದ ರೈತನೇ ಎದುರಿಗಿದ್ದಾನೆ, ಮಾಗಿಸಲು ಕಾರ್ಬೈಡ್ ಹಾಕಿಲ್ಲವೆಂಬ ಭರವಸೆಗೆ ಸರ್ಕಾರದ ಮಾವು ನಿಗಮ ಬೆನ್ನಿಗಿದೆ. ಕಳೆದ ಬಾರಿ ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಬಾದಾಮಿ ಹಣ್ಣಿನ ತೊಟ್ಟನ್ನು ಮೂಸಿ, ಕ್ಷೀರ ಒಸರಿದ ಗುರುತನ್ನು ಬೆರಳಲ್ಲಿ ಸವರಿ, ಮರುಮಾತಿಲ್ಲದೆ ಹೇಳಿದ ದರ ಕೊಟ್ಟರು. ಹೊರಗೆ ಬಂದವರೇ ಆಟೋದವನೊಡನೆ ಹತ್ತು ರೂಪಾಯಿಗೆ ಜಗಳಕ್ಕೆ ನಿಂತರು. (ಇಂಥವರ ದೆಸೆಯಿಂದಲೇ ಈ ಊರಿನಲ್ಲಿ ವ್ಯಾಪಾರ ಇನ್ನೂ ನೆಟ್ಟಗಿದೆ.)

ಸುರಕ್ಷಿತ ಆಹಾರಕ್ಕೆ ಎಷ್ಟು ಹೆಚ್ಚು ಕೊಡುತ್ತೀರಿ ಎಂದು ಸಮೀಕ್ಷೆಯವರು ಕೇಳಿದರೆ ಎಲ್ಲರೂ ಧಾರಾಳಿಗಳೇ. ಕೈಯಿಂದ ದುಡ್ಡು ಬಿಚ್ಚುವ ಹೊತ್ತಿಗೆ ಆ ಔದಾರ್ಯ ಇಳಿಯುತ್ತದೆಂದು ಅರ್ಥಶಾಸ್ತ್ರಜ್ಞರಿಗೂ ಗೊತ್ತು. ಅದಕ್ಕೇ ಅವರು ನಿಜವಾದ ಹಣ ಕೊಟ್ಟು ಹರಾಜು ಕೂಗಿಸಿ ನೋಡುತ್ತಾರೆ. ನನ್ನ ತಕರಾರು ಆ ಪ್ರಶ್ನೆಯ ಮೇಲೆಯೇ ಇದೆ. ರುಚಿಗೆ, ಪರಿಮಳಕ್ಕೆ, ಸಣ್ಣಕ್ಕಿಗೆ ಹೆಚ್ಚು ಕೊಡಿ, ಬೇಡವೆನ್ನುವುದಿಲ್ಲ. ವಿಷವಿಲ್ಲದಿರುವುದಕ್ಕೂ ಪ್ರತ್ಯೇಕ ದರವೆಂದರೆ, ಆ ದರ ಕೊಡಲಾರದ ಕೂಲಿಯವರ ತಟ್ಟೆಯಲ್ಲಿ ವಿಷವಿದ್ದರೂ ಸರಿ ಎಂದು ನಾವೆಲ್ಲ ಒಪ್ಪಿಕೊಂಡಂತಾಯಿತು.

2024ರ ಮಾರ್ಚಿನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ತಿಳಿದುಬಂದು, ಕೃತಕ ಬಣ್ಣಕ್ಕೆ ನಿಷೇಧ ಬಿತ್ತು. ನಮ್ಮ ಕಚೇರಿಯ ಓಣಿಯ ಗಾಡಿಯಲ್ಲಿ ಮರುವಾರವೇ ಗೋಬಿ ಮಂಕು ಕಂದುಬಣ್ಣಕ್ಕೆ ತಿರುಗಿತು. ದರ ಅಷ್ಟೇ ಇತ್ತು. ಯಾವ ಗಿರಾಕಿಯ ಜೇಬನ್ನೂ ಮುಟ್ಟದೆ, ಕಾನೂನು ತನ್ನ ಕೆಲಸ ಮಾಡಿದ್ದರಿಂದಲೇ ಆದ ಸುಧಾರಣೆ ಇದು.

ಅದೇ ಕಾನೂನು ಬೇರೆ ಕಡೆ ವಿಚಿತ್ರವಾಗಿ ವರ್ತಿಸುತ್ತದೆ. 2022ರ ಜುಲೈ 18ರಿಂದ ಚೀಟಿ ಅಂಟಿಸಿದ, 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇ. 5 ಜಿಎಸ್‌ಟಿ ಬಂತು; ಗೋಣಿಚೀಲದಿಂದ ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆಯಿಲ್ಲ. ಹೆಸರು, ವಿಳಾಸ, ತಾರೀಖು ಬರೆದು ಜವಾಬ್ದಾರಿ ಹೊತ್ತವನ ಸರಕು ತುಟ್ಟಿ, ಯಾವ ಗುರುತೂ ಇಲ್ಲದ್ದು ಅಗ್ಗ. ಇದರ ಬಗ್ಗೆ ನೀವು ಸಿಟ್ಟಾಗಿದ್ದರೆ ನಾನೂ ದನಿಗೂಡಿಸುತ್ತಿದ್ದೆ. ನಿಮ್ಮ ಸಿಟ್ಟೆಲ್ಲ ಸೊಪ್ಪಿಗೆ ಚೌಕಾಸಿ ಮಾಡುವ ಹೆಂಗಸಿನ ಮೇಲೆ ಖರ್ಚಾಗಿದೆ.

ನಿಮಗೆ ನಿಜಕ್ಕೂ ಹಣ ತೊಡಗಿಸುವ ಮನಸ್ಸಿದ್ದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಮನ್ನು ಓದಿ. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಯಾವ ಗ್ರಾಹಕರೂ ಆಹಾರ ವಿಶ್ಲೇಷಕರಿಂದ ಸರಕನ್ನು ಪರೀಕ್ಷಿಸಿಕೊಳ್ಳಬಹುದು. ತಪ್ಪು ಕಂಡುಬಂದರೆ ಶುಲ್ಕ ವಾಪಸು. ಮುದ್ರೆಯಿಲ್ಲದ ಬಿಡಿ ಬೇಳೆಯಿಂದಲೇ ಆರಂಭಿಸಿ. ವರದಿ ಬಂದರೆ ನಮಗೆ ಕಳುಹಿಸಿಕೊಡಿ, ಅದು ಹೇಗೇ ಇದ್ದರೂ ಅಚ್ಚು ಹಾಕುತ್ತೇವೆ.