ಅಕ್ಷರ ಆಮೇಲೆ, ಮೊದಲು ಚಡ್ಡಿ ಏರಿಸಲು ಬರಲಿ

ಪ್ರಶ್ನೆ: ಮಗನಿಗೆ ಮೂರು ವರ್ಷ ಒಂಬತ್ತು ತಿಂಗಳು. ಜೂನ್‌ನಿಂದ ಎಲ್‌ಕೆಜಿ. ಮನೆಯಲ್ಲಿ ಹವ್ಯಕ ಕನ್ನಡ, ತೋಟದ ಕೆಲಸದವರ ಹತ್ತಿರ ತುಳು. ಶಾಲೆಯಲ್ಲಿ ಟೀಚರಿಗೆ ಕನ್ನಡ ಬರ್ತದೆ, ಆದರೆ ಆಯಾ, ಬಸ್ಸಿನವರು ಎಲ್ಲ ಮಲೆಯಾಳ. ನನಗೂ ಪೇಟೆಯಲ್ಲಿ ಸುಧಾರಿಸುವಷ್ಟೇ ಮಲೆಯಾಳ ಬರುವುದು. ಇವನಿಗೆ ಅಜ್ಜಿಯೇ ತಿನ್ನಿಸಬೇಕು, ನಾನೇ ತೊಳೆಸಬೇಕು. ಶಾಲೆಯ ಬಸ್ಸು ಎಂಟೂವರೆಗೆ, ಅಷ್ಟು ಹೊತ್ತಿಗೆ ಇವನಿಗಿನ್ನೂ ನಿದ್ದೆ. ಹಟ ಮಾಡಿದರೆ ಅತ್ತೆ ‘ಶಾಲೆಗೆ ಹೋಗು, ಟೀಚರ್ ಬೆತ್ತ ತೆಗೀತಾರೆ’ ಅಂತಾರೆ. ಒಂದು ವರ್ಷ ಕಳೆಯಲಿ ಎನ್ನುವವರೂ ಅವರೇ. ಗಂಡ ಗಲ್ಫಿನಲ್ಲಿ. ಈಗಿನಿಂದಲೇ ಮನೆಯಲ್ಲಿ ಮಲೆಯಾಳ ಮಾತಾಡಬೇಕಾ? ಅಕ್ಷರ ತಿದ್ದಿಸಬೇಕಾ? ಅಥವಾ ಕಳಿಸುವುದೇ ಬೇಡವಾ?
– ಒಬ್ಬ ತಾಯಿ, ಪೆರ್ಲ ಸಮೀಪ, ಕಾಸರಗೋಡು (ಕೇರಳ)

ಉತ್ತರ: ಕಳಿಸಿ. ಒಂದು ವರ್ಷ ತಡೆದರೆ ಈಗ ಬಾರದ್ದು ತನ್ನಷ್ಟಕ್ಕೆ ಬಂದುಬಿಡುವುದಿಲ್ಲ. ತಿನ್ನಿಸುವ ಕೈ, ತೊಳೆಸುವ ಕೈ ಎರಡೂ ಮನೆಯಲ್ಲೇ ಇರ್ತವಲ್ಲ.

ಅಕ್ಷರ ತಿದ್ದಿಸುವುದು ಸದ್ಯಕ್ಕೆ ಬೇಡ. ಎಲ್‌ಕೆಜಿಯಲ್ಲಿ ಮೊದಲ ತಿಂಗಳು ಮಕ್ಕಳು ಸೋಲುವುದು ಅಕ್ಷರಕ್ಕಲ್ಲ, ಉಚ್ಚೆಗೆ ಮತ್ತು ಬುತ್ತಿಯ ಮುಚ್ಚಳಕ್ಕೆ. ಕೈಗೆ ಕೆಲಸ ಬೇಕಿದ್ದರೆ ಚಪಾತಿ ಹಿಟ್ಟು ಕೊಡಿ, ಅವರೆಕಾಳು ಸುಲಿಯಲಿ. ಬಣ್ಣದ ಕ್ರೆಯಾನನ್ನು ಎರಡು ಇಂಚಿನ ತುಂಡು ಮಾಡಿ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕಾಗ್ತದೆ. ಪೆನ್ಸಿಲಿನ ಹಿಡಿತ ಬರುವುದು ಹಾಗೆ.

ಉಚ್ಚೆಯ ಪಾಠವನ್ನು ಈ ವಾರವೇ ಸುರು ಮಾಡಿ, ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸಿ. ಮೊದಲ ನಾಲ್ಕು ದಿನ ಎಲ್ಲ ನೀವೇ ಮಾಡಿ, ಚಡ್ಡಿ ಏರಿಸುವುದು ಮಾತ್ರ ಅವನು. ಮಕ್ಕಳು ಮುಂದಿನಿಂದ ಎಳೀತಾರೆ, ಅದು ಕುಂಡೆಯ ಹತ್ತಿರ ಸಿಕ್ಕಿ ನಿಲ್ತದೆ. ಒಂದು ಕೈ ಹಿಂದೆ, ಹೆಬ್ಬೆರಳು ಇಲಾಸ್ಟಿಕಿನ ಒಳಗೆ ಎಂದು ಕೈ ಹಿಡಿದೇ ತೋರಿಸಿ. ಅದು ಬಂದ ಮೇಲೆ ತೊಳೆಯುವುದು, ಆಮೇಲೆ ಜಾರಿಸುವುದು. ಎಲ್ಲಕ್ಕಿಂತ ಕೊನೆಗೆ, ನೀವು ಕೇಳುವ ಮೊದಲೇ ಬಂದು ಹೇಳುವುದು. ದೊಡ್ಡ ಚೊಂಬು ತುಂಬ ನೀರು ಅವನ ಕೈಗೆ ಭಾರ, ಅರ್ಧ ಲೀಟರಿನ ಮಗ್ಗು ಅರ್ಧ ತುಂಬಿಸಿದರೆ ಸಾಕು. ಬಟನ್ನು, ಜಿಪ್ಪು, ಬೆಲ್ಟಿನ ಯೂನಿಫಾರ್ಮಾದರೆ ದರ್ಜಿಗೆ ಹೇಳಿ ಸೊಂಟಕ್ಕೆ ಇಲಾಸ್ಟಿಕ್ ಹಾಕಿಸಿ. ಶಾಲೆಯಲ್ಲಿರುವುದು ಕಮೋಡೋ, ಕುಕ್ಕರುಗಾಲಿನದ್ದೋ ಎಂದು ಒಮ್ಮೆ ಹೋಗಿ ನೋಡಿ. ಮನೆಯಲ್ಲಿ ಕಮೋಡ್ ಮಾತ್ರ ಕಂಡ ಮಗು ಅಲ್ಲಿನ ಗುಂಡಿ ನೋಡಿ ಹೆದರಿ ಇಡೀ ದಿನ ತಡೆದುಕೊಳ್ತದೆ.

ಇಲ್ಲಿಯೇ ಅತ್ತೆಯ ಬೆತ್ತದ ಮಾತು ಕೆಲಸ ಕೆಡಿಸುವುದು. ಬೆತ್ತದ ಟೀಚರಿನ ಹತ್ತಿರ ಯಾವ ಮಗು ಉಚ್ಚೆ ಬಂತೆಂದು ಹೇಳೀತು? ಅವರನ್ನು ತಿದ್ದಲು ಹೋಗಬೇಡಿ, ಕೆಲಸ ಒಪ್ಪಿಸಿ. ಬುತ್ತಿಯ ಪಾಠ ಅವರದ್ದಾಗಲಿ. ದಿನಾ ಹತ್ತೂವರೆಗೆ ಜಗಲಿಯಲ್ಲಿ ಕೂತು ಅವನೇ ಡಬ್ಬಿ ತೆರೆದು, ತಿಂದು, ಮುಚ್ಚಿ ಚೀಲಕ್ಕೆ ಹಾಕಬೇಕು. ಹೊತ್ತು ಇಪ್ಪತ್ತು ನಿಮಿಷ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಚೆಲ್ಲುವುದಿಲ್ಲ ನಿಜ, ಆದರೆ ಮಗುವಿನ ಬೆರಳಿಗೆ ಬಗ್ಗುವುದೂ ಇಲ್ಲ. ಅಂಗಡಿಗೆ ಅವನನ್ನೇ ಕರಕೊಂಡು ಹೋಗಿ, ಅವನು ತೆರೆದ ಡಬ್ಬಿಯನ್ನೇ ತನ್ನಿ. ನೀರ್‌ದೋಸೆ ಒಂದಕ್ಕೊಂದು ಅಂಟಿ ಮುದ್ದೆಯಾಗ್ತದೆ, ಕಾಯಿಬೆಲ್ಲ ಇಟ್ಟು ಸುರುಳಿ ಸುತ್ತಿ ಎರಡೆರಡು ಇಂಚಿಗೆ ಕತ್ತರಿಸಿ. ಬಾಳೆಹಣ್ಣಾದರೆ ತೊಟ್ಟಿನ ಕಡೆ ಸಿಪ್ಪೆ ಸ್ವಲ್ಪ ಬಿಡಿಸಿಡಿ. ಇಡೀ ನೆಲಗಡಲೆ, ಇಡೀ ದ್ರಾಕ್ಷಿ ಈ ಪ್ರಾಯಕ್ಕೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು, ಬೇಡ.

ಭಾಷೆಯ ವಿಷಯ. ಮನೆಯ ಮಾತು ಬದಲಿಸಬೇಡಿ. ಪೇಟೆಯ ಮಲೆಯಾಳದಲ್ಲಿ ನೀವು ಮಗುವಿಗೆ ಕತೆ ಹೇಳಲಾರಿರಿ, ಅದರಿಂದ ಅವನ ಹವ್ಯಕವೂ ಬಡವಾಗ್ತದೆ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗ್ತದೆ ಎನ್ನುವುದು ಸುಳ್ಳು. ಅವನಿಗೆ ಬೇಕಾದ್ದು ಆರೇ ಆರು ಮಾತು: ಟೀಚರೇ, ಮೂತ್ರ ಒಯಿಕ್ಕಣಂ (ಉಚ್ಚೆ ಮಾಡಬೇಕು), ವೆಳ್ಳಂ ವೇಣಂ (ನೀರು ಬೇಕು), ವೇಂಡ (ಬೇಡ), ಮದಿ (ಸಾಕು), ವಯರ್ ವೇದನ (ಹೊಟ್ಟೆನೋವು). ಇದನ್ನು ಪಾಠ ಮಾಡಬೇಡಿ, ಟೀಚರಾಟ ಆಡಿ. ನೀವು ಆಯಾ, ಅವನು ಮಗು. ಸರಿಯಾಗಿ ಹೇಳಿದರೆ ಮಾತ್ರ ನೀರು! ಕೆಲವು ಮಾತು ಅವನಿಗೆ ಅರ್ಧ ಗೊತ್ತಿದ್ದಂತೆಯೇ: ಬಾ ವಾ ಆಗ್ತದೆ, ಬೇಡ ವೇಂಡ, ಬಾಯಿ ವಾಯ, ಬಳೆ ವಳ. ನಮ್ಮ ಬಕಾರದ ಜಾಗದಲ್ಲಿ ಅವರ ವಕಾರ.

ಇಷ್ಟಾದರೂ ಕೆಲವು ವಾರ, ಒಮ್ಮೊಮ್ಮೆ ಒಂದೆರಡು ತಿಂಗಳು, ಅವನು ಶಾಲೆಯಲ್ಲಿ ಬಾಯಿಯೇ ತೆರೆಯದಿರಬಹುದು. ಹೊಸ ಭಾಷೆಯನ್ನು ಮಕ್ಕಳು ಮೊದಲು ಕೇಳಿಸಿಕೊಂಡೇ ಇರ್ತಾರೆ. ಮನೆಯಲ್ಲಿ ವಟವಟ ಮಾತಾಡ್ತಾನಾದರೆ ಚಿಂತೆ ಬೇಡ. ಮನೆಮಾತಿನಲ್ಲೂ ಮೂರು ನಾಲ್ಕು ಶಬ್ದದ ವಾಕ್ಯ ಬರುವುದಿಲ್ಲ, ಹೊರಗಿನವರಿಗೆ ಅವನ ಮಾತು ಹೆಚ್ಚಿನದ್ದು ಅರ್ಥವೇ ಆಗುವುದಿಲ್ಲ ಎಂದಾದರೆ ಮಾತ್ರ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಇನ್ನು, ಅವನು ‘ಟೀಚರ್ ಬಂತು’ ಅಂದರೆ ಗದರಬೇಡಿ. ಹವ್ಯಕದಲ್ಲಿ ಅಮ್ಮನೂ ಬಂತು, ಅಜ್ಜಿಯೂ ಬಂತು. ಕಾಸರಗೋಡಿನ ಟೀಚರಿಗೆ ಇದೇನೂ ಹೊಸತಲ್ಲ, ‘ಬಂದರು’ ಕ್ಲಾಸಿನಲ್ಲೇ ಕಿವಿಗೆ ಬೀಳ್ತದೆ.

ನಿದ್ದೆ ಲೆಕ್ಕದ ಕೆಲಸ. ಬಸ್ಸು ಎಂಟೂವರೆಗಾದರೆ ಏಳುವುದು ಏಳಕ್ಕೆ, ಅಂದರೆ ಈಗಿನದ್ದಕ್ಕಿಂತ ಒಂದೂವರೆ ಗಂಟೆ ಹಿಂದಕ್ಕೆ. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಎಬ್ಬಿಸಿದರೆ 18 ದಿನದಲ್ಲಿ ಮುಗೀತದೆ. ಬೇಗ ಮಲಗಿಸುವುದರಿಂದ ಸುರು ಮಾಡಿದರೆ ಮಗು ಹಾಸಿಗೆಯಲ್ಲಿ ಹೊರಳಾಡ್ತದೆ ಅಷ್ಟೆ. ಬೇಗ ಎಬ್ಬಿಸಿ, ಮಧ್ಯಾಹ್ನ ಮಲಗಿದರೆ ಮೂರು ಗಂಟೆಗೆ ಮೊದಲೇ ಏಳಲಿ, ರಾತ್ರಿಯದ್ದು ತಾನೇ ಸರಿಯಾಗ್ತದೆ.

ನಿಮ್ಮನ್ನು ಬಿಟ್ಟಿರುವ ಅಭ್ಯಾಸಕ್ಕೆ ತವರೋ ನೆರೆಮನೆಯೋ ಆದೀತು. ಮೊದಲು ಕಾಲು ಗಂಟೆ, ಆಮೇಲೆ ಒಂದು ಗಂಟೆ, ಕೊನೆಗೆ ಅರ್ಧ ದಿನ. ಕಣ್ಣು ತಪ್ಪಿಸಿ ಮಾತ್ರ ಹೋಗಬೇಡಿ, ಒಮ್ಮೆ ಹಾಗೆ ಮಾಡಿದರೆ ಮರುದಿನ ಸೆರಗು ಬಿಡುವುದಿಲ್ಲ. ದಿನಾ ಒಂದೇ ಮಾತು ಹೇಳಿ ಹೊರಡಿ. ‘ಮೂರೂವರೆಗೆ ಬತ್ತೆ’ ಅವನಿಗೆ ಅರ್ಥವಾಗದು, ಊಟ ಆಗಿ ಆಟ ಆದ ಮೇಲೆ ಎನ್ನಿ. ಎರಡು ವಾರ ಅಳು ಸಹಜ. ಜೂನ್‌ನಲ್ಲಿ ರೆಡ್ ಅಲರ್ಟ್ ಎಂದು ಕಲೆಕ್ಟರ್ ರಜೆ ಕೊಟ್ಟರಂತೂ ಮತ್ತೆ ಒಂದನೇ ದಿನದಿಂದ ಸುರು. ಅಂಥ ರಜೆಯ ದಿನವೂ ಏಳುವ ಹೊತ್ತು, ಬುತ್ತಿಯ ಹೊತ್ತು ತಪ್ಪಿಸಬೇಡಿ.

ಮಳೆಗೆ ಶೂ, ಸಾಕ್ಸ್ ಕಡ್ಡಾಯವಲ್ಲದಿದ್ದರೆ ಪಟ್ಟಿ ಅಂಟಿಸುವ ಸ್ಯಾಂಡಲ್ ಒಳ್ಳೆಯದು. ಯೂನಿಫಾರ್ಮ್ ಮೂರು ಜೊತೆ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಎರಡು ದಿನವಾದರೂ ಬಟ್ಟೆ ಒಣಗುವುದಿಲ್ಲ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗುವುದುಂಟು, ಅದಕ್ಕೆ ಶಾಲೆಯನ್ನು ಬೈಯಬೇಡಿ.

ಶಾಲೆಯಿಂದ ಬಂದವನೇ ಕಕ್ಕಸಿಗೆ ಓಡ್ತಾನಾ, ಬಾಟಲಿಯ ನೀರು ಹಾಗೆಯೇ ಇದೆಯಾ ಎಂದು ದಿನಾ ನೋಡಿ. ಎರಡೂ ಹೌದಾದರೆ ಅಲ್ಲಿ ತಡೆದುಕೊಳ್ತಿದ್ದಾನೆ ಎಂದರ್ಥ. ಬಿಟ್ಟರೆ ಮಲಬದ್ಧತೆ, ಉರಿಮೂತ್ರ ಹಿಂದೆಯೇ ಬರ್ತವೆ. ಟೀಚರಿಗೆ ಹೇಳಿ, ಬುತ್ತಿಗೆ ಮೊದಲೊಮ್ಮೆ ಕರಕೊಂಡು ಹೋಗುವಂತೆ ಮಾಡಿ. ನಾಲ್ಕು ವಾರ ಕಳೆದರೂ ಅಳು ತಗ್ಗದಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಸುರುವಾದರೆ, ಶಾಲೆಗೆ ಹೋಗಿ ಸ್ವಲ್ಪ ಹೊತ್ತು ಕೂತು ನೋಡಿ.

ಮೊದಲ ದಿನ ಚೀಲದಲ್ಲಿ ಒಂದು ಜೊತೆ ಬಟ್ಟೆಯೊಂದಿಗೆ ಒಂದು ಚೀಟಿ ಇಡಿ. ಅವನನ್ನು ಮನೆಯಲ್ಲಿ ಕರೆಯುವ ಹೆಸರು, ಉಚ್ಚೆಗೂ ಕಕ್ಕಸಿಗೂ ಅವನು ಹೇಳುವ ಶಬ್ದ, ತಿಂದರೆ ಆಗದ ವಸ್ತು, ನಿಮ್ಮ ಫೋನ್ ನಂಬರು. ಅದನ್ನು ಗೊತ್ತಿದ್ದವರಿಂದ ಮಲೆಯಾಳದಲ್ಲೇ ಬರೆಸಿ, ಓದಬೇಕಾದ್ದು ಆಯಾ ತಾನೇ.