ಪಕ್ಕದಲ್ಲಿದ್ದ ಮಾತ್ರಕ್ಕೆ ನೆಂಟರಲ್ಲ

ನಮಸ್ಕಾರ.

ಸೂಪರ್‌ನೋವಾ ಅವಶೇಷಗಳು (ಸಿಡಿದ ತಾರೆಯಿಂದ ಸುತ್ತ ಹರಡಿದ ಚಿಪ್ಪು) ಮತ್ತು ಪಲ್ಸಾರ್‌ಗಳ (ಸ್ಫೋಟದ ಬಳಿಕ ಉಳಿದು ಗಿರಗಿರನೆ ಸುತ್ತುವ ತಾರೆಯ ತಿರುಳು) ನಂಟಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಹಾಕಲಾರೆ. ಹಾಗೆಂದು ವಾಪಸು ಕಳಿಸಿ ಕೈತೊಳೆದುಕೊಳ್ಳುವ ಮನಸ್ಸೂ ಇಲ್ಲ.

ಮೊದಲ ಪುಟದ ‘ತಾರೆಯ ಮರಣಮೃದಂಗ’ ಹೊಡೆದುಹಾಕಿ. ಅಂಥದೊಂದು ಅವಶೇಷವಾದ ಏಡಿ ನೀಹಾರಿಕೆಯ ಪಲ್ಸಾರ್ ಸೆಕೆಂಡಿಗೆ ಸುಮಾರು 30 ಸಲ ಸುತ್ತುತ್ತದೆ ಅಂದರೆ ಸಾಕು, ಮೃದಂಗ ಓದುಗರಿಗೇ ಕೇಳಿಸುತ್ತದೆ.

ನನ್ನ ತಕರಾರು ಇರುವುದು ಮೂರನೇ ಪುಟದಲ್ಲಿ. ‘ಅವಶೇಷದ ಬಳಿ ಪಲ್ಸಾರ್ ಕಂಡರೆ ಅದು ಆ ಸ್ಫೋಟದ ಕೂಸು’ ಎಂದಿದ್ದೀರಿ. ಜಾತ್ರೆಯಲ್ಲಿ ಪಕ್ಕಪಕ್ಕ ನಿಂತವರೆಲ್ಲ ಒಂದೇ ಮನೆಯವರೇ? ಒಂದೇ ದಿಕ್ಕಿಗೆ ಕಾಣುವ ಎರಡರ ನಡುವೆ ಸಾವಿರಾರು ಜ್ಯೋತಿರ್ವರ್ಷ ಅಂತರವಿರಬಹುದು. ದೂರ ಹೊಂದಬೇಕು, ವಯಸ್ಸು ಹೊಂದಬೇಕು, ಪಲ್ಸಾರ್ ಓಡಿಬಂದ ದಾರಿಯಲ್ಲಿ ಹಿಂದಕ್ಕೆ ಹೋದರೆ ಸ್ಫೋಟದ ಜಾಗ ಸಿಗಬೇಕು. ವಯಸ್ಸಿನ ಲೆಕ್ಕವೂ ಬರೀ ಅಂದಾಜು. ಏಡಿಯ ಸ್ಫೋಟವನ್ನು ಚೀನೀಯರು 1054ರಲ್ಲೇ ಬರೆದಿಟ್ಟಿದ್ದಾರೆ, ಅಂದರೆ ಅದಕ್ಕಿನ್ನೂ ಸಾವಿರ ವರ್ಷ ತುಂಬಿಲ್ಲ. ಸುತ್ತುವ ವೇಗ ಕುಂದುವುದನ್ನು ಹಿಡಿದು ಲೆಕ್ಕ ಹಾಕಿದರೆ ಸುಮಾರು 1,250 ವರ್ಷ ಬರುತ್ತದೆ!

ನೀವು ಒಂದೇ ಸಾಲಿನಲ್ಲಿ ದಾಟಿಸಿದ ‘ಬಾತುಕೋಳಿ’ಯೇ ಇಲ್ಲಿ ನಿಜವಾದ ಕಥೆ. ಧನು ರಾಶಿಯ ಒಂದು ಅವಶೇಷ. ಅದರ ಅಂಚಿನಾಚೆ ಕೊಕ್ಕು ಚಾಚಿದಂತೆ ಒಂದು ಪಲ್ಸಾರ್. ಚಿಪ್ಪನ್ನು ಸೀಳಿಕೊಂಡು ಹೊರಬಿದ್ದಿದೆ ಎಂದೇ ಎಲ್ಲರೂ ನಂಬಿದ್ದರು. ಪಲ್ಸಾರ್‌ನ ಲೆಕ್ಕದ ವಯಸ್ಸು 16,000 ವರ್ಷ. ಅಷ್ಟರಲ್ಲಿ ಅವಶೇಷದ ನಡುವಿನಿಂದ ಅಲ್ಲಿಗೆ ಬರಬೇಕಾದರೆ ಸೆಕೆಂಡಿಗೆ 1,500 ಕಿ.ಮೀ.ಗೂ ಹೆಚ್ಚು ಓಡಬೇಕು. ಅಮೆರಿಕದ ವಿಎಲ್ಎ ರೇಡಿಯೋ ದೂರದರ್ಶಕದಲ್ಲಿ ಕೆಲವು ವರ್ಷದ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ 2000ದಲ್ಲಿ ನೋಡಿದರೆ, ವೇಗ 600 ಕಿ.ಮೀ. ಕೂಡ ಮುಟ್ಟಲಿಲ್ಲ. ಒಂದೋ ಪಲ್ಸಾರ್ ಲೆಕ್ಕಕ್ಕಿಂತ ಬಹಳ ಹಳೆಯದು, ಇಲ್ಲವೇ ಅದಕ್ಕೂ ಆ ಅವಶೇಷಕ್ಕೂ ಸಂಬಂಧವೇ ಇಲ್ಲ. ಇಷ್ಟು ಒಳ್ಳೆಯ ಜಗಳವನ್ನು ಒಂದು ಸಾಲಿನಲ್ಲಿ ಮುಗಿಸುವುದೇ?

ಪುಣೆ ಬಳಿಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯನ್ನು ಹೇಳಿ ನಮ್ಮ ಗೌರಿಬಿದನೂರಿನದನ್ನು ಬಿಟ್ಟಿದ್ದೀರಿ. ಅಲ್ಲಿನ ಬಯಲಲ್ಲಿ ‘ಟಿ’ ಆಕಾರಕ್ಕೆ ನೆಟ್ಟ ಡೈಪೋಲ್ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಸಿಗ್ನಸ್ ಲೂಪ್‌ನಂಥ ಅವಶೇಷಗಳನ್ನು ಚಿತ್ರಿಸಿವೆ. ಆವರ್ತನ ಇಳಿದಂತೆ ಸ್ಫೋಟದ ಚಿಪ್ಪು ಬೇಗ ಪ್ರಖರವಾಗುತ್ತದೆ, ಪಲ್ಸಾರ್ ಪೋಷಿಸುವ ಒಳಗಿನ ನೀಹಾರಿಕೆ ಅಷ್ಟು ಏರುವುದಿಲ್ಲ. ಎರಡನ್ನೂ ಬೇರ್ಪಡಿಸಲು ಇದೂ ಒಂದು ಸುಳಿವು.

ಬಾತುಕೋಳಿಯಿಂದಲೇ ಶುರುಮಾಡಿ, 800 ಪದ ಮೀರದಂತೆ ಬರೆಯಿರಿ. ಮುಂದಿನ ತಿಂಗಳ 10ರೊಳಗೆ ಬಂದರೆ ನಾನೇ ಕೂತು ತಿದ್ದುತ್ತೇನೆ.

— ಸಂಪಾದಕ