ಪ್ರತಿ: ಸಮುದ್ರದಲ್ಲಿ ಆಹಾರಕ್ಕಿಂತ ಅದನ್ನು ತಿನ್ನುವವುಗಳ ತೂಕವೇ ಹೆಚ್ಚಿರುವುದು ಹೇಗೆ?

ಶಕ್ತಿಯ ಪಿರಮಿಡ್ (ಆಹಾರ ಸರಪಳಿಯ ಪ್ರತಿ ಹಂತಕ್ಕೆ ದೊರೆಯುವ ಶಕ್ತಿಯನ್ನು ತಳದಿಂದ ಮೇಲಕ್ಕೆ ತೋರಿಸುವ ಚಿತ್ರ) ಎಂದಿಗೂ ತಲೆಕೆಳಗಾಗದು ಎನ್ನುವುದಾದರೆ, ಸಮುದ್ರದಲ್ಲಿ ಸಸ್ಯಪ್ಲವಕಗಳಿಗಿಂತ (ನೀರಿನಲ್ಲಿ ತೇಲುವ, ಸಸ್ಯದಂತೆ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳಿಗಿಂತ) ಅವುಗಳನ್ನು ತಿಂದು ಬದುಕುವ ಪ್ರಾಣಿಗಳ ತೂಕವೇ ಹೆಚ್ಚಿರುವುದು ಹೇಗೆ ಸಾಧ್ಯ ಎಂದು ತಾವು ಕೇಳಿದ್ದೀರಿ. ಎರಡೂ ಮಾತುಗಳು ಸರಿಯೇ. ಒಂದು ಕ್ಷಣದಲ್ಲಿ ಇರುವ ಜೀವರಾಶಿಯನ್ನೂ (ಜೀವಿಗಳ ಒಟ್ಟು ತೂಕವನ್ನೂ) ಒಂದು ಅವಧಿಯಲ್ಲಿ ಹರಿದುಹೋಗುವ ಶಕ್ತಿಯನ್ನೂ ಒಂದೇ ಎಂದು ಭಾವಿಸಿದಾಗ ಮಾತ್ರ ಅವು ಪರಸ್ಪರ ವಿರುದ್ಧವಾಗಿ ಕಾಣುತ್ತವೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೊಡುವ ಇಂಗ್ಲಿಷ್ ಕಾಲುವೆಯ (ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನ) ಉದಾಹರಣೆಯಲ್ಲಿ ಪ್ರತಿ ಚದರ ಮೀಟರಿಗೆ ಸಸ್ಯಪ್ಲವಕ 4 ಗ್ರಾಂ ಇದ್ದರೆ, ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳು) ಮತ್ತು ತಳವಾಸಿ ಪ್ರಾಣಿಗಳು ಒಟ್ಟಾಗಿ 21 ಗ್ರಾಂ ಇವೆ. ಆದರೆ ಡಯಾಟಮ್‌ನಂತಹ ಏಕಕೋಶ ಸಸ್ಯಪ್ಲವಕವು ಅನುಕೂಲಕರ ಸ್ಥಿತಿಯಲ್ಲಿ ದಿನಕ್ಕೊಮ್ಮೆಯಾದರೂ ಇಬ್ಭಾಗವಾಗಬಲ್ಲದು. ಹುಟ್ಟಿದ್ದರಲ್ಲಿ ಬಹುಪಾಲು ಬೇಗನೆ ಆಹಾರವಾಗಿ ಹೋಗುವುದರಿಂದ ನೀರಿನಲ್ಲಿ ಉಳಿಯುವುದು ಅಲ್ಪ. ಅದನ್ನು ಮೇಯುವ ಕೋಪಿಪಾಡ್ ಎಂಬ ಪ್ರಾಣಿಪ್ಲವಕವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುವುದರಿಂದ ಅದರ ದೇಹದಲ್ಲಿ ಅನೇಕ ತಲೆಮಾರುಗಳ ಡಯಾಟಮ್‌ಗಳ ಉತ್ಪನ್ನ ಸಂಗ್ರಹವಾಗಿರುತ್ತದೆ. ಅಂಗಡಿಯ ಕಪಾಟಿನಲ್ಲಿ ಈ ಹೊತ್ತು ಕಾಣುವ ಸರಕಿನಿಂದ ವರ್ಷದ ವಹಿವಾಟನ್ನು ಅಳೆಯಲಾಗುವುದಿಲ್ಲವಷ್ಟೆ.

ಇದನ್ನೇ ವರ್ಷದ ಲೆಕ್ಕದಲ್ಲಿ, ಕಿಲೊಕ್ಯಾಲೊರಿಗಳಲ್ಲಿ ಬರೆದರೆ ಪಿರಮಿಡ್ ನೆಟ್ಟಗೆ ನಿಲ್ಲುತ್ತದೆ. ತಿಂದುದರಲ್ಲಿ ಜೀರ್ಣವಾಗದ ಭಾಗ ಮಲವಾಗಿ ವಿಘಟಕಗಳನ್ನು (ಅದನ್ನು ಕೊಳೆಸುವ ಜೀವಿಗಳನ್ನು) ಸೇರುತ್ತದೆ, ಜೀರ್ಣವಾದುದರಲ್ಲಿಯೂ ಹೆಚ್ಚಿನದು ಉಸಿರಾಟದ ಮೂಲಕ ಶಾಖವಾಗಿ ಕಳೆದುಹೋಗುತ್ತದೆ. ಅಂದಹಾಗೆ, ತಾವು ಉಲ್ಲೇಖಿಸಿದ ‘ಶೇ. 10ರ ನಿಯಮ’ವನ್ನು, ಅಂದರೆ ಒಂದು ಹಂತದ ಶಕ್ತಿಯಲ್ಲಿ ಹತ್ತನೇ ಒಂದು ಭಾಗ ಮಾತ್ರ ಮುಂದಿನ ಹಂತಕ್ಕೆ ಸಾಗುತ್ತದೆ ಎಂಬುದನ್ನು, ಅಕ್ಷರಶಃ ತೆಗೆದುಕೊಳ್ಳಬಾರದು. ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಅವರ 1942ರ ಲೇಖನದಿಂದ ಬೆಳೆದುಬಂದ ಈ ಪ್ರಮಾಣವು ಸ್ಥೂಲ ಸರಾಸರಿ ಮಾತ್ರ. ದೇಹದ ಉಷ್ಣತೆ ಕಾಪಾಡಲು ಅಪಾರ ಶಕ್ತಿ ವ್ಯಯಿಸುವ ಸಸ್ತನಿಗಳಲ್ಲಿ ಅದು ಇನ್ನೂ ಬಹಳ ಕಡಿಮೆಯಾಗಿರುತ್ತದೆ.